ಮಾತಾಡುವ ಮುನ್ನ ಆಲಿಸುವ ರೇಡಿಯೋ: ಅದಕ್ಕೆ ಅಂಕ ಕೊಡುವುದು ಹೇಗೆ?

ರಾಜ್ಯಗಳ ಗಡಿಯನ್ನು ನಕ್ಷೆಯ ಮೇಲೆ ಎಳೆಯಬಹುದು, ಆಕಾಶದಲ್ಲಿ ಎಳೆಯಲಾಗದು. ಗಡಿಯಾಚೆಯ ಕನ್ನಡ ಮನೆಗಳಿಗೆ ಈ ಮಾತನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಮಂಗಳೂರು, ಧಾರವಾಡ, ಕಲಬುರಗಿ ಆಕಾಶವಾಣಿ ಕೇಂದ್ರಗಳ ಕನ್ನಡ ವಾರ್ತೆಗಳು ಯಾವ ತನಿಖಾ ಠಾಣೆಯಲ್ಲಿಯೂ ನಿಲ್ಲದೆ ಗಡಿ ದಾಟಿ ಬಂದವು. ಶಾಲೆಯ ಹೊರಗೆ ಮಕ್ಕಳ ಕಿವಿಗೆ ಶುದ್ಧ ಕನ್ನಡ ಬೀಳುತ್ತಿದ್ದ ಒಂದು ದಾರಿ ಅದಾಗಿತ್ತು. ರೇಡಿಯೋ ಅಲೆಗೆ ಊರಿಲ್ಲ, ಜಿಲ್ಲೆಯಿಲ್ಲ. ಆದರೆ ಅದಕ್ಕೂ ಒಂದು ಬಗೆಯ ಗಡಿಯುಂಟು. ಒಂದೇ ಕಂಪನಾಂಕದಲ್ಲಿ ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಇಬ್ಬರ ಮಾತೂ ಕೇಳಿಸದು. ಈ ಒಂದು ಕಾರಣಕ್ಕಾಗಿಯೇ ಜಗತ್ತಿನ ಎಲ್ಲ ಸರಕಾರಗಳೂ ಕಂಪನಾಂಕಗಳನ್ನು ಹೊಲದಂತೆ ಅಳೆದು, ಬದು ಹಾಕಿ, ಇಂತಿಂಥವರಿಗೆ ಇಂತಿಷ್ಟು ಎಂದು ಹಂಚುತ್ತವೆ. ಹೀಗೆ ಹಂಚಲ್ಪಡುವ ಕಂಪನಾಂಕಗಳ ಸಮೂಹವನ್ನೇ ತರಂಗಗುಚ್ಛ, ಅಥವಾ ಪತ್ರಿಕೆಗಳಲ್ಲಿ ನಾವು ಓದುವ ಸ್ಪೆಕ್ಟ್ರಂ ಎನ್ನುವುದು.

ಹಂಚಿದ ಹೊಲವನ್ನೆಲ್ಲ ಉಳುತ್ತಾರೆಯೇ? ಇಲ್ಲ. ಅಮೆರಿಕದ ಸಂಪರ್ಕ ಆಯೋಗವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ನೇಮಿಸಿದ್ದ ಕಾರ್ಯಪಡೆಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ, ಹಂಚಿಕೆಯಾದ ಅನೇಕ ಕಂಪನಾಂಕ ಪಟ್ಟಿಗಳು ಅನೇಕ ಸ್ಥಳಗಳಲ್ಲಿ ಬಹುಕಾಲ ಬರಿದಾಗಿಯೇ ಇರುತ್ತವೆ ಎಂದು ಹೇಳಿತು. ಒಂದು ಕಡೆ ಮೊಬೈಲ್ ಜಾಲಗಳಿಗೆ ಜಾಗ ಸಾಲದು; ಇನ್ನೊಂದು ಕಡೆ ಒಡೆಯನಿದ್ದೂ ಬೀಳುಬಿದ್ದ ಭೂಮಿ. ಆ ಬೀಳನ್ನು, ಒಡೆಯನಿಗೆ ತೊಂದರೆಯಾಗದಂತೆ, ಅವನಿಲ್ಲದ ಹೊತ್ತಿನಲ್ಲಿ ಮಾತ್ರ ಬಳಸಬಲ್ಲ ಯಂತ್ರವೊಂದನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಕಾಗ್ನಿಟಿವ್ ರೇಡಿಯೋ. ಕನ್ನಡದಲ್ಲಿ ಇದನ್ನು ಅರಿವಿನ ರೇಡಿಯೋ ಎನ್ನೋಣ.

ಈ ಹೆಸರನ್ನು ಬಳಕೆಗೆ ತಂದವರು ಜೋಸೆಫ್ ಮಿಟೋಲಾ. ಜೆರಾಲ್ಡ್ ಮಗ್ವಾಯರ್ ಅವರೊಡಗೂಡಿ 1999ರಲ್ಲಿ ಅವರು ಪ್ರಕಟಿಸಿದ ಲೇಖನವೂ, 2000ದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ರಾಯಲ್ ತಾಂತ್ರಿಕ ವಿದ್ಯಾಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧವೂ ಈ ಶಾಸ್ತ್ರಶಾಖೆಯ ಮೂಲಗಳಾಗಿವೆ. 2005ರಲ್ಲಿ ಸೈಮನ್ ಹೇಕಿನ್ ಅವರು ಬರೆದ ಲೇಖನವು ಇದನ್ನು ಎಲ್ಲೆಡೆಯ ಸಂಶೋಧಕರ ಗಮನಕ್ಕೆ ತಂದಿತು. ಆ ಬಳಿಕ ಸಾವಿರಾರು ಲೇಖನಗಳು ಬಂದಿವೆ. ಆದರೆ ಆ ಎಲ್ಲ ಲೇಖನಗಳ ನಡುವೆ ಒಂದು ಸರಳ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಇಂಥ ರೇಡಿಯೋ ಜಾಲವು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನಿರ್ಣಯಿಸುವುದು ಹೇಗೆ? ಈ ಲೇಖನದ ವಿಷಯವೂ ಅದೇ. ಮಕ್ಕಳ ಅಂಕಪಟ್ಟಿಯನ್ನು ಓದಿ ಅಭ್ಯಾಸವಿರುವ ಮನೆಗಳಿಗೆ ಈ ಪ್ರಶ್ನೆ ಅಪರಿಚಿತವಾಗಿ ತೋರದು.

ಮೀಸಲು ಆಸನದ ಉಪಮೆ

ರೈಲಿನಲ್ಲಿ ಒಂದು ಮೀಸಲು ಆಸನ. ಅದರ ಹಕ್ಕುದಾರನು ಮುಂದಿನ ಯಾವುದೋ ನಿಲ್ದಾಣದಲ್ಲಿ ಹತ್ತಲಿದ್ದಾನೆ. ಅಷ್ಟರವರೆಗೆ ಆಸನ ಖಾಲಿ. ನಿಂತು ದಣಿದ ಪ್ರಯಾಣಿಕನೊಬ್ಬನು ಅಲ್ಲಿ ಕುಳಿತರೆ ಯಾರಿಗೂ ನಷ್ಟವಿಲ್ಲ, ಒಂದೇ ನಿಬಂಧನೆಯ ಮೇಲೆ: ಹಕ್ಕುದಾರ ಬಂದೊಡನೆ, ಅವನು ಬಾಯಿಬಿಟ್ಟು ಕೇಳುವ ಮೊದಲೇ, ಎದ್ದು ಜಾಗ ಬಿಡಬೇಕು. ಅರಿವಿನ ರೇಡಿಯೋ ಮಾಡಬೇಕಾದ ಕೆಲಸ ಇಷ್ಟೆ. ಪರವಾನಗಿ ಪಡೆದವನು ಹಕ್ಕುದಾರ. ದೂರದರ್ಶನದ ಪ್ರಸಾರ ಗೋಪುರವೋ ಹವಾಮಾನ ರೇಡಾರೋ ಆಗಿರಬಹುದು. ಅರಿವಿನ ರೇಡಿಯೋ ಅತಿಥಿ. ಅದು ಮೊದಲು ಆಲಿಸುತ್ತದೆ. ಕಂಪನಾಂಕ ಖಾಲಿಯಿದೆ ಎಂದು ತೋರಿದರೆ ಮಾತಾಡುತ್ತದೆ. ನಡುನಡುವೆ ಮಾತು ನಿಲ್ಲಿಸಿ ಮತ್ತೆ ಆಲಿಸುತ್ತದೆ. ಹಕ್ಕುದಾರನ ಸುಳಿವು ಸಿಕ್ಕಿದರೆ ಬೇರೆ ಕಂಪನಾಂಕಕ್ಕೆ ಸರಿಯುತ್ತದೆ.

ಈ ಅತಿಥಿಯು ಎರಡು ಬಗೆಯ ತಪ್ಪು ಮಾಡಬಹುದು. ಹಕ್ಕುದಾರನು ಇದ್ದಾಗ ಇಲ್ಲವೆಂದು ಭಾವಿಸುವುದು ಮೊದಲನೆಯ ತಪ್ಪು. ಇದನ್ನು ತಪ್ಪಿದ ಪತ್ತೆ ಎನ್ನೋಣ. ಹಕ್ಕುದಾರನು ಇಲ್ಲದಾಗ ಇದ್ದಾನೆಂದು ಬೆದರುವುದು ಎರಡನೆಯ ತಪ್ಪು; ಇದು ಹುಸಿ ಎಚ್ಚರಿಕೆ. ಎರಡೂ ತಪ್ಪುಗಳೇ ಆದರೂ ಅವುಗಳ ಬೆಲೆಯನ್ನು ತೆರುವವರು ಬೇರೆ ಬೇರೆ. ಹುಸಿ ಎಚ್ಚರಿಕೆಯಿಂದ ನಷ್ಟ ಅತಿಥಿಗೇ. ಖಾಲಿ ಆಸನದ ಪಕ್ಕದಲ್ಲಿ ಅವನು ಸುಮ್ಮನೆ ನಿಂತಿರುತ್ತಾನೆ. ತಪ್ಪಿದ ಪತ್ತೆಯ ನಷ್ಟ ಹಕ್ಕುದಾರನಿಗೆ. ಅವನ ಪ್ರಸಾರ ಕೆಡುತ್ತದೆ. ಕೆಡಿಸಿದವನಿಗೆ ಅದು ತಿಳಿಯುವುದೂ ಇಲ್ಲ. ಅರಿವಿನ ರೇಡಿಯೋ ಜಾಲದ ಮೌಲ್ಯಮಾಪನವು ಸಾಮಾನ್ಯ ಜಾಲದ ಮೌಲ್ಯಮಾಪನಕ್ಕಿಂತ ಬೇರೆಯಾಗುವುದು ಇಲ್ಲಿಯೇ. ವೇಗವನ್ನು ಮಾತ್ರ ಅಳೆದರೆ ಅತಿಥಿಯ ಸುಖವನ್ನು ಅಳೆದಂತಾಯಿತು; ಮನೆಯೊಡೆಯನನ್ನು ಕೇಳಿದಂತಾಗಲಿಲ್ಲ.

ಶೇಕಡಾ ಎಂಬತ್ತರ ಮೋಸ

ಇದನ್ನು ಲೆಕ್ಕದಿಂದಲೇ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾವೇ ಇಟ್ಟುಕೊಂಡವು. ಒಂದು ಕಂಪನಾಂಕವನ್ನು 1000 ಸಲ ಪರೀಕ್ಷಿಸಲಾಯಿತು ಎನ್ನಿ. ಅವುಗಳಲ್ಲಿ 200 ಸಲ ಹಕ್ಕುದಾರನು ಮಾತಾಡುತ್ತಿದ್ದ. 800 ಸಲ ಕಂಪನಾಂಕ ಖಾಲಿಯಿತ್ತು. ಮೂರು ಸಾಧನಗಳು ಪರೀಕ್ಷೆಗೆ ಕುಳಿತಿವೆ.

ಮೊದಲನೆಯದು ಸೋಮಾರಿ. ಅದು ಆಲಿಸುವುದೇ ಇಲ್ಲ. ಪ್ರತಿಸಲವೂ ಖಾಲಿಯಿದೆ ಎನ್ನುತ್ತದೆ. ಸಾವಿರಕ್ಕೆ 800 ಉತ್ತರ ಸರಿ. ಶೇಕಡಾ 80! ನಮ್ಮ ಶಾಲೆಗಳಲ್ಲಾದರೆ ಉನ್ನತ ಶ್ರೇಣಿ. ಆದರೆ ಹಕ್ಕುದಾರನು ಮಾತಾಡಿದ 200 ಸಲವೂ ಅದು ಅವನ ಮೇಲೆ ಮಾತಾಡಿದೆ. ಎರಡನೆಯದು ಅಂಜುಬುರುಕ. ಪ್ರತಿಸಲವೂ ಹಕ್ಕುದಾರನಿದ್ದಾನೆ ಎನ್ನುತ್ತದೆ. ಹಕ್ಕುದಾರನಿಗೆ ಎಳ್ಳಷ್ಟೂ ತೊಂದರೆಯಿಲ್ಲ; ಪತ್ತೆಯ ಪ್ರಮಾಣ ನೂರಕ್ಕೆ ನೂರು. ಆದರೆ 800 ಸಲ ಖಾಲಿಯಿದ್ದ ಜಾಗದಲ್ಲಿ ಒಂದಕ್ಷರವನ್ನೂ ಕಳುಹಿಸಿಲ್ಲ. ಮೂರನೆಯದು ನಿಜವಾಗಿ ಆಲಿಸುತ್ತದೆ. ಹಕ್ಕುದಾರನನ್ನು ಶೇಕಡಾ 90ರಷ್ಟು ಸಲ ಗುರುತಿಸುತ್ತದೆ, ಶೇಕಡಾ 10ರಷ್ಟು ಸಲ ಸುಮ್ಮನೆ ಬೆದರುತ್ತದೆ. ಅದು 720 ಸಲ ಖಾಲಿ ಜಾಗವನ್ನು ಸರಿಯಾಗಿ ಬಳಸಿದೆ. 20 ಸಲ ಹಕ್ಕುದಾರನಿಗೆ ಅಡ್ಡಿಯಾಗಿದೆ.

ಒಟ್ಟು ಅಂಕವೊಂದನ್ನೇ ನೋಡುವ ಪರೀಕ್ಷಕನು ಸೋಮಾರಿಗೆ 80, ಶ್ರದ್ಧಾವಂತನಿಗೆ 90 ಕೊಟ್ಟು, ಇಬ್ಬರೂ ಜಾಣರೇ ಎಂದು ಬರೆದುಬಿಡುತ್ತಾನೆ. ಎರಡು ತಪ್ಪುಗಳನ್ನೂ ಬೇರೆ ಬೇರೆಯಾಗಿ ಎಣಿಸುವ ಪರೀಕ್ಷಕನಿಗೆ ಮಾತ್ರ, ಒಬ್ಬನು 200 ಸಲ ಹಾನಿಮಾಡಿದ್ದಾನೆ, ಇನ್ನೊಬ್ಬನು 20 ಸಲ ಮಾತ್ರ ಎಂಬುದು ಕಾಣುತ್ತದೆ. ಈ ಶಾಸ್ತ್ರದ ಪ್ರಬಂಧಗಳಲ್ಲಿ ಪತ್ತೆಯ ಸಂಭವನೀಯತೆ, ಹುಸಿ ಎಚ್ಚರಿಕೆಯ ಸಂಭವನೀಯತೆ ಎಂಬ ಎರಡು ಸಂಖ್ಯೆಗಳು ಯಾವಾಗಲೂ ಜೋಡಿಯಾಗಿಯೇ ಬರುವುದು ಇದೇ ಕಾರಣಕ್ಕೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟ ವರದಿಯು ಅರ್ಧ ಅಂಕಪಟ್ಟಿ.

ಕ್ರೀಡಾಂಗಣದಲ್ಲಿ ನಡೆದ ಪರೀಕ್ಷೆ

ಸೋಮಾರಿಯೂ ಅಂಜುಬುರುಕನೂ ಕೇವಲ ಕಾಗದದ ಮೇಲಿನ ಕಲ್ಪನೆ ಎಂದು ಓದುಗರು ಭಾವಿಸಬಹುದು. ಹಾಗಲ್ಲ. ಅಮೆರಿಕದಲ್ಲಿ ನಡೆದ ನಿಜವಾದ ಪರೀಕ್ಷೆಯೊಂದರಲ್ಲಿ ಇವರಿಬ್ಬರಿಗೂ ಹತ್ತಿರದ ಸಾಧನಗಳು ಕಾಣಿಸಿಕೊಂಡವು.

ಟೆಲಿವಿಷನ್ ವಾಹಿನಿಗಳ ನಡುವೆ ಬಳಕೆಯಾಗದೆ ಉಳಿದ ಕಂಪನಾಂಕಗಳಿಗೆ ಬಿಳಿಜಾಗ ಎಂಬ ಹೆಸರಿದೆ. ಈ ಕಂಪನಾಂಕಗಳ ಅಲೆಗಳು ದೂರ ಸಾಗುತ್ತವೆ. ಗೋಡೆ, ಮರಗಳನ್ನು ವೈಫೈ ಅಲೆಗಳಿಗಿಂತ ಸುಲಭವಾಗಿ ದಾಟುತ್ತವೆ. ಹಳ್ಳಿಗಳಿಗೆ ಅಂತರ್ಜಾಲ ಒಯ್ಯಲು ಇವು ಹೇಳಿ ಮಾಡಿಸಿದಂತಿದ್ದವು. ಅಮೆರಿಕದ ದೊಡ್ಡ ತಂತ್ರಜ್ಞಾನ ಕಂಪನಿಗಳು ಬಿಳಿಜಾಗವನ್ನು ಅರಿವಿನ ರೇಡಿಯೋಗಳಿಗೆ ತೆರೆಯಬೇಕೆಂದವು. ಟೆಲಿವಿಷನ್ ಪ್ರಸಾರಕರೂ, ಅದೇ ಕಂಪನಾಂಕಗಳಲ್ಲಿ ನಿಸ್ತಂತು ಮೈಕ್ ಬಳಸುತ್ತಿದ್ದ ರಂಗಭೂಮಿಯವರೂ ಬೇಡವೆಂದರು. ಹೆಸರಾಂತ ಗಾಯಕಿ ಡಾಲಿ ಪಾರ್ಟನ್ ಕೂಡ 2008ರಲ್ಲಿ ಆಯೋಗಕ್ಕೆ ವಿರೋಧಪತ್ರ ಬರೆದರು. ವಾದವನ್ನು ತೀರ್ಮಾನಿಸಲು ಒಂದೇ ದಾರಿ ಇತ್ತು: ಸಾಧನಗಳನ್ನು ಪರೀಕ್ಷೆಗೆ ಕೂರಿಸುವುದು.

2007ರ ಜುಲೈನಲ್ಲಿ ಆಯೋಗದ ಇಂಜಿನಿಯರರು ಮೊದಲ ವರದಿ ಕೊಟ್ಟರು. ತಮ್ಮ ಮುಂದಿಟ್ಟ ಮಾದರಿ ಸಾಧನಗಳು ಟೆಲಿವಿಷನ್ ಸಂಕೇತಗಳನ್ನಾಗಲಿ ನಿಸ್ತಂತು ಮೈಕುಗಳನ್ನಾಗಲಿ ನಂಬಿಕೆಗೆ ಅರ್ಹವಾಗುವಂತೆ ಗುರುತಿಸುತ್ತಿಲ್ಲ ಎಂಬುದು ಅದರ ಸಾರ. ಒಂದು ಸಾಧನದ ಭಾಗವು ಪರೀಕ್ಷೆಯ ಕಾಲದಲ್ಲಿ ಕೆಟ್ಟಿತ್ತೆಂದು ಅದರ ತಯಾರಕರು ಬಳಿಕ ತಿಳಿಸಿದರು. 2008ರಲ್ಲಿ ಎರಡನೆಯ ಸುತ್ತು ನಡೆಯಿತು. ಪ್ರಯೋಗಾಲಯದಲ್ಲಿ ಒಂದೇ ವಾಹಿನಿಯ ಶುದ್ಧ ಸಂಕೇತವನ್ನು ಕೊಟ್ಟಾಗ ಎಲ್ಲ ಸಾಧನಗಳೂ ಅತಿ ಕ್ಷೀಣ ಸಂಕೇತವನ್ನೂ ಚೆನ್ನಾಗಿ ಪತ್ತೆಮಾಡಿದವು. ಪಕ್ಕದ ವಾಹಿನಿಯಲ್ಲಿ ಪ್ರಬಲ ಪ್ರಸಾರವೊಂದನ್ನು ಸೇರಿಸಿದೊಡನೆ ಅವುಗಳ ಸೂಕ್ಷ್ಮತೆ ಕುಗ್ಗಿತು. ನಿಶ್ಶಬ್ದ ಕೋಣೆಯಲ್ಲಿ ಪಾಠವನ್ನು ಚೆನ್ನಾಗಿ ಒಪ್ಪಿಸುವ ಹುಡುಗನು ಸಂತೆಯ ನಡುವೆ ತಡವರಿಸಿದಂತೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಸಾಧನಗಳನ್ನು ಹೊರಗೆ ಒಯ್ದರು. ಮೇರಿಲ್ಯಾಂಡ್ ರಾಜ್ಯದ ಆಗ ಫೆಡೆಕ್ಸ್ ಫೀಲ್ಡ್ ಎಂಬ ಹೆಸರಿದ್ದ ಫುಟ್‌ಬಾಲ್ ಕ್ರೀಡಾಂಗಣ ಒಂದು ಪರೀಕ್ಷಾಸ್ಥಳ. ನ್ಯೂಯಾರ್ಕಿನ ಮೆಜೆಸ್ಟಿಕ್ ನಾಟಕಶಾಲೆ ಇನ್ನೊಂದು. ಎರಡೂ ಕಡೆ ನಿಸ್ತಂತು ಮೈಕುಗಳನ್ನು ಪತ್ತೆಮಾಡಬೇಕಿತ್ತು. ಒಂದು ಸಾಧನವು, ಮೈಕು ಮಾತಾಡುತ್ತಿರಲಿ ಇಲ್ಲದಿರಲಿ, ಮೈಕುಗಳಿಗೆ ನಿಗದಿಯಾಗಿದ್ದ ವಾಹಿನಿಗಳೆಲ್ಲವೂ ತುಂಬಿವೆ ಎಂದಿತು. ಇನ್ನೊಂದು ಸಾಧನವು ಮೈಕುಗಳು ಮಾತಾಡುತ್ತಿದ್ದಾಗಲೂ ಕೆಲವು ವಾಹಿನಿಗಳು ಖಾಲಿಯಿವೆ ಎಂದಿತು. ಮೊದಲನೆಯದರ ಪತ್ತೆಯ ಪ್ರಮಾಣವನ್ನು ಮಾತ್ರ ಬರೆದಿದ್ದರೆ ಅದು ಪರಿಪೂರ್ಣವೆನಿಸುತ್ತಿತ್ತು. ಮೈಕುಗಳನ್ನು ಆರಿಸಿ ಮತ್ತೊಮ್ಮೆ ಪರೀಕ್ಷಿಸಿದ್ದರಿಂದಲೇ ಸತ್ಯ ಹೊರಬಿತ್ತು. ಪರೀಕ್ಷೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು: ಉತ್ತರ ಹೌದು ಎಂದಿರುವ ಪ್ರಶ್ನೆಗಳನ್ನು ಮಾತ್ರ ಕೇಳಬಾರದು, ಉತ್ತರ ಇಲ್ಲ ಎಂದಿರುವ ಪ್ರಶ್ನೆಗಳನ್ನೂ ಕೇಳಬೇಕು.

ಆಲಿಸುವುದು ಏಕೆ ಕಷ್ಟ?

ಇಷ್ಟು ಬಲ್ಲ ಇಂಜಿನಿಯರರಿಗೆ ಒಂದು ಸಂಕೇತ ಇದೆಯೋ ಇಲ್ಲವೋ ಎಂದು ಹೇಳುವುದು ಏಕೆ ಕಷ್ಟವಾಗಬೇಕು? ಕಾರಣ, ಕೇಳಬೇಕಾದ ದನಿ ಅಷ್ಟು ಕ್ಷೀಣ. ಅರಿವಿನ ರೇಡಿಯೋ ಜಾಲಗಳಿಗಾಗಿ ರೂಪುಗೊಂಡ ಮೊದಲ ಅಂತರರಾಷ್ಟ್ರೀಯ ಮಾನಕಗಳಲ್ಲೊಂದಾದ ಐಇಇಇ 802.22 ಎಂಬುದು 2011ರಲ್ಲಿ ಪ್ರಕಟವಾಯಿತು. ಡಿಜಿಟಲ್ ಟೆಲಿವಿಷನ್ ಸಂಕೇತವು ಮೈನಸ್ 116 ಡಿಬಿಎಂ ಮಟ್ಟಕ್ಕೆ ಇಳಿದಿದ್ದರೂ ಅದನ್ನು 2 ಸೆಕೆಂಡುಗಳೊಳಗೆ, ಕನಿಷ್ಠ ಶೇಕಡಾ 90 ಸಂಭವನೀಯತೆಯಿಂದ, ಶೇಕಡಾ 10ಕ್ಕಿಂತ ಹೆಚ್ಚು ಹುಸಿ ಎಚ್ಚರಿಕೆಯಿಲ್ಲದೆ ಪತ್ತೆಮಾಡಬೇಕು ಎಂಬುದು ಅದರ ಗುರಿ. ಡಿಬಿಎಂ ಎಂಬುದು ಶಕ್ತಿಯನ್ನು ಅಳೆಯುವ ಒಂದು ಮಾಪಕ. ಮೈನಸ್ 116 ಎಂದರೆ ಒಂದು ವಾಟ್‌ನ ಲಕ್ಷಕೋಟಿಯಲ್ಲಿ ಒಂದು ಪಾಲಿನ ನಾನೂರನೆಯ ಒಂದಂಶದಷ್ಟು. ಯಾವ ಯಂತ್ರವೂ ತಪ್ಪಿಸಿಕೊಳ್ಳಲಾಗದ, ಉಷ್ಣದಿಂದಲೇ ಹುಟ್ಟುವ ವಿದ್ಯುತ್ ಗದ್ದಲವೊಂದಿದೆ. ಆ ಸಂಕೇತವು ಈ ಗದ್ದಲದ ಹತ್ತನೆಯ ಒಂದು ಪಾಲಿನಷ್ಟಿರುತ್ತದೆ.

ಇಷ್ಟು ಕ್ಷೀಣ ಸಂಕೇತವನ್ನೂ ಕೇಳಲೇಬೇಕೆಂಬ ಹಟ ಏಕೆ? ಅದಕ್ಕೆ ಬೆಟ್ಟಗಳು ಉತ್ತರ ಕೊಡುತ್ತವೆ. ನೀಲಗಿರಿಯ ಅಥವಾ ವಯನಾಡಿನ ಒಂದು ಕಣಿವೆಯನ್ನು ಮನಸ್ಸಿಗೆ ತಂದುಕೊಳ್ಳಿ. ಪ್ರಸಾರ ಗೋಪುರವು ಬೆಟ್ಟದ ಆಚೆ ಇದೆ. ಕಣಿವೆಯ ತಳದಲ್ಲಿರುವ ಅರಿವಿನ ರೇಡಿಯೋಗೆ ಅದರ ದನಿ ಬಹುಮಟ್ಟಿಗೆ ಕೇಳಿಸದು. ಆದರೆ ಎದುರಿನ ಇಳಿಜಾರಿನ ಮನೆಯ ಆಂಟೆನಾಕ್ಕೆ ಆ ಪ್ರಸಾರ ನೇರವಾಗಿ ಬೀಳುತ್ತಿರುತ್ತದೆ. ತಳದಲ್ಲಿರುವ ರೇಡಿಯೋ ತನಗೆ ಕೇಳಿಸಲಿಲ್ಲವೆಂದು ಮಾತಾಡತೊಡಗಿದರೆ ಎದುರಿನ ಮನೆಯವರ ಚಿತ್ರ ಹಾಳಾಗುತ್ತದೆ. ನನಗೆ ಕೇಳಿಸಲಿಲ್ಲ ಎಂಬುದಕ್ಕೂ ಅಲ್ಲಿ ಯಾರೂ ಇಲ್ಲ ಎಂಬುದಕ್ಕೂ ಇರುವ ಈ ಅಂತರವನ್ನೇ ಶಾಸ್ತ್ರಜ್ಞರು ಅಡಗಿದ ಕೇಂದ್ರದ ಸಮಸ್ಯೆ ಎನ್ನುತ್ತಾರೆ. ಆದ್ದರಿಂದ ಅತಿಥಿಯ ಕಿವಿಯು ಮನೆಯ ಟೆಲಿವಿಷನ್ನಿನ ಕಿವಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿರಬೇಕು.

ಹೆಚ್ಚು ಹೊತ್ತು ಆಲಿಸಿದರೆ ಎಂಥ ಕ್ಷೀಣ ದನಿಯನ್ನೂ ಗದ್ದಲದಿಂದ ಬೇರ್ಪಡಿಸಬಹುದಲ್ಲವೇ? ಸ್ವಲ್ಪಮಟ್ಟಿಗೆ ನಿಜ. ಬಂದ ಒಟ್ಟು ಶಕ್ತಿಯನ್ನು ಅಳೆದು ಸಂಕೇತವಿದೆಯೇ ಎಂದು ತೀರ್ಮಾನಿಸುವ ವಿಧಾನವನ್ನು ಹ್ಯಾರಿ ಉರ್ಕೋವಿಟ್ಜ್ 1967ರಲ್ಲಿಯೇ ವಿವರಿಸಿದ್ದರು. ಆದರೆ ಗದ್ದಲದ ಮಟ್ಟವೇ ಎಷ್ಟೆಂದು ನಿಖರವಾಗಿ ತಿಳಿಯದಿದ್ದರೆ, ಒಂದು ಮಿತಿಗಿಂತ ಕ್ಷೀಣವಾದ ಸಂಕೇತವನ್ನು ಈ ವಿಧಾನದಿಂದ ಎಷ್ಟು ಹೊತ್ತು ಆಲಿಸಿದರೂ ಪತ್ತೆಮಾಡಲಾಗದು ಎಂದು ರಾಹುಲ್ ತಂದ್ರಾ, ಅನಂತ್ ಸಹಾಯ್ ಎಂಬ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ತಕ್ಕಡಿಯ ತಟ್ಟೆಯ ತೂಕವೇ ಗ್ರಾಮಿನಷ್ಟು ಹೆಚ್ಚುಕಡಿಮೆಯಿದ್ದರೆ, ಎಷ್ಟು ಸಲ ತೂಗಿದರೂ ಗುಲಗಂಜಿಯ ತೂಕ ತಿಳಿಯದಲ್ಲವೇ, ಹಾಗೆ. ತಾಳ್ಮೆಗೆ ಪರಿಹಾರವಾಗದ ಅಜ್ಞಾನವೂ ಉಂಟೆಂದು ಗಣಿತವು ಇಲ್ಲಿ ಸ್ಪಷ್ಟವಾಗಿ ಹೇಳುತ್ತದೆ.

ಎಷ್ಟು ಹೊತ್ತು ಆಲಿಸಬೇಕು, ಎಷ್ಟು ಹೊತ್ತು ಮಾತಾಡಬೇಕು?

ಆಲಿಸುವ ಹೊತ್ತಿಗೂ ಬೆಲೆಯಿದೆ. ಆಲಿಸುತ್ತಿರುವಾಗ ಅತಿಥಿ ಮಾತಾಡುವಂತಿಲ್ಲ. ಕಡಿಮೆ ಆಲಿಸಿದರೆ ತಪ್ಪುಗಳು ಹೆಚ್ಚು. ಹೆಚ್ಚು ಆಲಿಸಿದರೆ ಮಾತಿಗೆ ಸಮಯವಿಲ್ಲ. ಇವೆರಡರ ನಡುವೆ ಉತ್ತಮವಾದ ಬಿಂದು ಎಲ್ಲಿದೆ ಎಂದು ಸಿಂಗಪುರದ ಸಂಶೋಧಕರಾದ ಯಿಂಗ್-ಚಾಂಗ್ ಲಿಯಾಂಗ್ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿದರು. 6 ಮೆಗಾಹರ್ಟ್ಸ್ ಅಗಲದ ವಾಹಿನಿ. 100 ಮಿಲಿಸೆಕೆಂಡಿನ ಒಂದೊಂದು ಸರದಿ. ಹಕ್ಕುದಾರನ ಸಂಕೇತವು ಗದ್ದಲದ ನೂರನೆಯ ಒಂದು ಪಾಲು. ಪತ್ತೆಯ ಸಂಭವನೀಯತೆ ಶೇಕಡಾ 90ಕ್ಕಿಂತ ಕೆಳಗೆ ಇಳಿಯಬಾರದೆಂಬ ನಿಬಂಧನೆ. ಇಷ್ಟನ್ನು ಇಟ್ಟುಕೊಂಡು ಗಣಕದ ಮೇಲೆ ಪ್ರಯೋಗ ಮಾಡಿದಾಗ, ಪ್ರತಿ ಸರದಿಯಲ್ಲಿ 14.2 ಮಿಲಿಸೆಕೆಂಡು ಆಲಿಸಿ ಉಳಿದ 85.8 ಮಿಲಿಸೆಕೆಂಡು ಮಾತಾಡಿದರೆ ಅತ್ಯಧಿಕ ದತ್ತಾಂಶ ಸಾಗುತ್ತದೆ ಎಂದು ಕಂಡುಬಂತು. ಸುಮಾರು ಏಳನೆಯ ಒಂದು ಪಾಲು ಸಮಯ ಮೌನಕ್ಕೆ ಮೀಸಲು. ಹಕ್ಕುದಾರನ ಹಿತವನ್ನು ಮೊದಲು ನಿಬಂಧನೆಯಾಗಿ ಕಟ್ಟಿಹಾಕಿ, ಬಳಿಕವೇ ಅತಿಥಿಯ ಲಾಭವನ್ನು ಹೆಚ್ಚಿಸಲು ಹೊರಟಿದ್ದಾರೆ ಎಂಬುದನ್ನು ಗಮನಿಸಬೇಕು. ಮೌಲ್ಯಮಾಪನದ ಧರ್ಮ ಅದು.

ಹಲವರು ಸೇರಿ ಆಲಿಸಿದರೆ ಹೇಗೆ? ಸಂಭವನೀಯತೆಯ ಪಾಠ ಓದಿದ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಮೂರು ರೇಡಿಯೋಗಳು ಬೇರೆ ಬೇರೆ ಕಡೆ ಇವೆ. ಪ್ರತಿಯೊಂದರ ಪತ್ತೆಯ ಸಂಭವನೀಯತೆ 0.7, ಹುಸಿ ಎಚ್ಚರಿಕೆಯದು 0.1. ಒಂದರ ತಪ್ಪು ಇನ್ನೊಂದರ ತಪ್ಪಿಗೆ ಸಂಬಂಧಿಸಿದ್ದಲ್ಲ ಎಂದಿಟ್ಟುಕೊಳ್ಳಿ. ಮೂವರಲ್ಲಿ ಯಾರೊಬ್ಬರು ಎಚ್ಚರಿಸಿದರೂ ಸುಮ್ಮನಾಗುವುದು ಎಂಬ ನಿಯಮವಿಟ್ಟರೆ, ಮೂವರೂ ತಪ್ಪಿಸಿಕೊಳ್ಳುವ ಸಂಭವ 0.3ರ ಘನ, ಅಂದರೆ 0.027. ಪತ್ತೆಯ ಸಂಭವನೀಯತೆ 0.973ಕ್ಕೆ ಏರಿತು. ಆದರೆ ಹುಸಿ ಎಚ್ಚರಿಕೆಯೂ 0.271ಕ್ಕೆ ಏರಿತು. ಬಹುಮತದ ನಿಯಮವಿಟ್ಟರೆ ಹುಸಿ ಎಚ್ಚರಿಕೆ 0.028ಕ್ಕೆ ಇಳಿಯುತ್ತದೆ, ಪತ್ತೆ 0.784ರಲ್ಲಿ ನಿಲ್ಲುತ್ತದೆ. ಯಾವ ನಿಯಮ ಮೇಲು? ಗಣಿತವು ಇದನ್ನು ಹೇಳದು. ಯಾರ ನಷ್ಟವನ್ನು ನಾವು ಹೆಚ್ಚೆಂದು ಭಾವಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ.

ಕಿವಿಯ ಬದಲು ಕಡತ

ಅಮೆರಿಕದ ಆಯೋಗವು 2008ರ ನವೆಂಬರ್ 4ರಂದು ಬಿಳಿಜಾಗವನ್ನು ತೆರೆಯಿತು. ಆದರೆ ಪರೀಕ್ಷೆಯ ಫಲಿತಾಂಶವನ್ನು ಮರೆಯಲಿಲ್ಲ. ಸಾಧನವು ಆಲಿಸಿದರೆ ಸಾಲದು. ತಾನಿರುವ ಸ್ಥಳವನ್ನು ಉಪಗ್ರಹದ ನೆರವಿನಿಂದ ತಿಳಿದು, ಆ ಸ್ಥಳದಲ್ಲಿ ಯಾವ ವಾಹಿನಿಗಳು ಖಾಲಿಯಿವೆ ಎಂದು ದಾಖಲೆಯ ಕೋಶವೊಂದನ್ನು ಕೇಳಬೇಕು ಎಂದು ವಿಧಿಸಿತು. 2008ರ ಕ್ಷೇತ್ರ ಪರೀಕ್ಷೆಯಲ್ಲಿ ಸ್ಥಳವನ್ನೂ ದಾಖಲೆಯನ್ನೂ ಬಳಸಿದ ಸಾಧನವು ತುಂಬಿದ ವಾಹಿನಿಗಳನ್ನು ಸರಿಯಾಗಿ ಗುರುತಿಸಿತ್ತು. 2010ರ ಸೆಪ್ಟೆಂಬರಿನಲ್ಲಿ ಆಯೋಗವು ಇನ್ನೊಂದು ಹೆಜ್ಜೆ ಮುಂದಿಟ್ಟು, ದಾಖಲೆಯನ್ನು ಕೇಳುವ ಸಾಧನಗಳು ಆಲಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ರೈಲಿನ ಉಪಮೆಗೆ ಮರಳುವುದಾದರೆ, ಹಕ್ಕುದಾರನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂರುವ ಬದಲು ಮೀಸಲಾತಿ ಪಟ್ಟಿಯನ್ನೇ ಓದಿಕೊಂಡಂತೆ. ಪರೀಕ್ಷೆಯೊಂದು ಪ್ರಾಮಾಣಿಕವಾಗಿ ನಡೆದರೆ ತಂತ್ರಜ್ಞಾನದ ದಾರಿಯೇ ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಭೂಮಿಯ ಮೇಲಿನ ಗೋಪುರಗಳಿಂದ ಟೆಲಿವಿಷನ್ ಪ್ರಸಾರ ಮಾಡುವ ಸಂಸ್ಥೆ ಭಾರತದಲ್ಲಿ ದೂರದರ್ಶನವೊಂದೇ. 470ರಿಂದ 590 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 8 ಮೆಗಾಹರ್ಟ್ಸ್ ಅಗಲದ 15 ವಾಹಿನಿಗಳಿವೆ. ಮುಂಬಯಿಯ ಐಐಟಿಯ ಸಂಶೋಧಕರು ದೇಶದ ಗೋಪುರಗಳ ವಿವರವನ್ನು ಕಲೆಹಾಕಿ ಲೆಕ್ಕ ಮಾಡಿ, ಬಹುತೇಕ ಎಲ್ಲೆಡೆ ಈ 15ರಲ್ಲಿ ಕನಿಷ್ಠ 12 ವಾಹಿನಿಗಳು ಖಾಲಿಯಿವೆ ಎಂದು 2014ರಲ್ಲಿ ಪ್ರಕಟಿಸಿದರು. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಹಳ್ಳಿಗಳಲ್ಲಿ ಈ ಕಂಪನಾಂಕಗಳ ಮೂಲಕ ಅಂತರ್ಜಾಲವನ್ನು ಒಯ್ಯುವ ಪ್ರಯೋಗವನ್ನೂ ಅವರು ನಡೆಸಿದರು. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲು 2022ರ ವೇಳೆಗೆ ಮುಚ್ಚಿದವು. ಮಾಡಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸಿದ ತಲೆಮಾರಿಗೆ ಈ ಸಂಗತಿ ತುಸು ವಿಷಾದ ತರಬಹುದು. ಆದರೆ ಅಂದು ಚಿತ್ರಗಳು ಬರುತ್ತಿದ್ದ ಅದೇ ಕಂಪನಾಂಕಗಳು ಇಂದು ಮಕ್ಕಳ ಪಾಠವನ್ನು ಹೊತ್ತು ತರಬಲ್ಲವು.

ಪ್ರಯೋಗಾಲಯದಿಂದ ಮನೆಯ ಮಾಡಿಗೆ

ಒಳ್ಳೆಯ ಅಂಕ ಪಡೆದ ಸಾಧನವು ಹೊರಗೆ ಬಂದ ಮೇಲೂ ಹಾಗೆಯೇ ನಡೆದುಕೊಳ್ಳುತ್ತದೆಯೇ? ಇದಕ್ಕೂ ಒಂದು ನಿದರ್ಶನವಿದೆ. ನಾವು ಬಳಸುವ ವೈಫೈ ಪೆಟ್ಟಿಗೆಗಳಲ್ಲಿ ಅನೇಕವು ಅರಿವಿನ ರೇಡಿಯೋದ ಸರಳ ರೂಪವೊಂದನ್ನು ಹೊಂದಿವೆ. 5 ಗಿಗಾಹರ್ಟ್ಸ್ ಪಟ್ಟಿಯ ಒಂದು ಭಾಗವು ರೇಡಾರುಗಳಿಗೂ ಸೇರಿದ್ದು. ಅಮೆರಿಕ ಮತ್ತು ಯೂರೋಪಿನ ನಿಯಮಗಳ ಪ್ರಕಾರ, ಆ ಭಾಗವನ್ನು ಬಳಸುವ ಪೆಟ್ಟಿಗೆಯು ಮೊದಲು ಕನಿಷ್ಠ 60 ಸೆಕೆಂಡು ಆಲಿಸಬೇಕು. ರೇಡಾರಿನ ಸುಳಿವು ಸಿಕ್ಕಿದರೆ 10 ಸೆಕೆಂಡಿನೊಳಗೆ ಜಾಗ ಬಿಡಬೇಕು. 30 ನಿಮಿಷ ಮರಳಿ ಬರಕೂಡದು.

ನಿಯಮವೂ ಇತ್ತು, ಪರೀಕ್ಷೆಯೂ ಇತ್ತು. ಆದರೂ 2009ರಲ್ಲಿ ಪೋರ್ಟೊರಿಕೊ ದ್ವೀಪದ ಸಾನ್ ಹುವಾನ್ ನಗರದಲ್ಲಿ ವಿಮಾನ ನಿಲ್ದಾಣದ ಹವಾಮಾನ ರೇಡಾರಿಗೆ ಅಡ್ಡಿಯಾಗುತ್ತಿರುವುದು ಕಂಡುಬಂತು. ವಿಮಾನ ಇಳಿಯುವ ಹೊತ್ತಿಗೆ ಗಾಳಿ ಥಟ್ಟನೆ ದಿಕ್ಕು ಬದಲಿಸುವ ಅಪಾಯವನ್ನು ಮೊದಲೇ ತಿಳಿಸುವ ರೇಡಾರು ಅದು. ತನಿಖೆ ಮಾಡಿದಾಗ, ಹೊರಾಂಗಣದಲ್ಲಿ ನೆಟ್ಟಿದ್ದ, ಅಂತರ್ಜಾಲ ಒಯ್ಯುವ ನಿಸ್ತಂತು ಸಾಧನಗಳು ಅಡ್ಡಿಗೆ ಕಾರಣವೆಂದು ತಿಳಿಯಿತು. ರೇಡಾರನ್ನು ಗುರುತಿಸಿ ದಾರಿ ಬಿಡಬೇಕಾದ ಕೆಲಸವನ್ನು ಕೆಲವು ಸಾಧನಗಳು ಮಾಡುತ್ತಿರಲಿಲ್ಲ. ಅಂತರ್ಜಾಲ ಬಳಸುತ್ತಿದ್ದವರ ಮಟ್ಟಿಗೆ ಆ ಜಾಲ ಚೆನ್ನಾಗಿಯೇ ಇದ್ದಿರಬೇಕು. ವೇಗದ ಮಾಪನದಲ್ಲಿ ಈ ದೋಷ ಎಂದೂ ಕಾಣುತ್ತಿರಲಿಲ್ಲ. ಅದು ಕಂಡದ್ದು ರೇಡಾರಿನ ಪರದೆಯ ಮೇಲೆ, ಇನ್ನೊಬ್ಬರ ಮನೆಯಲ್ಲಿ.

ಆದ್ದರಿಂದ ಇಂಥ ಜಾಲವೊಂದು ಉತ್ತಮವೆಂದು ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಎಷ್ಟು ದತ್ತಾಂಶ ಸಾಗಿತು? ಹಕ್ಕುದಾರನನ್ನು ಎಷ್ಟು ಸಲ ಗುರುತಿಸದೆ ಹೋಯಿತು? ಅವನು ಬಂದ ಮೇಲೆ ಎಷ್ಟು ಹೊತ್ತಿನಲ್ಲಿ ಜಾಗ ಬಿಟ್ಟಿತು? ಈ ಅಂಕಗಳು ಪ್ರಯೋಗಾಲಯದವೋ, ಬೆಟ್ಟ ಗದ್ದಲಗಳ ನಡುವಿನವೋ? ಮೊದಲನೆಯ ಪ್ರಶ್ನೆಯನ್ನು ಮಾರುವವರು ತಾವಾಗಿಯೇ ಉತ್ತರಿಸುತ್ತಾರೆ. ಉಳಿದ ಮೂರನ್ನು ನಾವು ಕೇಳಿದರೆ ಮಾತ್ರ ಉತ್ತರ ಬರುತ್ತದೆ.

ಗಡಿನಾಡಿನ ಹಳ್ಳಿಗಳಿಗೆ ಈ ತಂತ್ರಜ್ಞಾನ ಬಂದರೆ ನಾವು ಎರಡೂ ಪಾತ್ರಗಳಲ್ಲಿ ಇರುತ್ತೇವೆ. ದುರ್ಬಲ ಜಾಲದ ಕೊನೆಯ ಮನೆಯಾಗಿ, ಖಾಲಿ ಕಂಪನಾಂಕದಲ್ಲಿ ಪಾಠ ಕೇಳಲು ಕಾದಿರುವ ಅತಿಥಿಗಳು ನಾವು; ಬೆಟ್ಟದ ಆಚೆಯಿಂದ ಕ್ಷೀಣವಾಗಿ ಬರುವ ಕನ್ನಡ ಪ್ರಸಾರವನ್ನು ಕೇಳುತ್ತ ಕುಳಿತ ಶ್ರೋತೃಗಳೂ ನಾವೇ. ಗಡಿಯಂಚಿನ ಮನೆಗೆ ಬರುವ ಸಂಕೇತ ಯಾವಾಗಲೂ ಕ್ಷೀಣವೇ. ಅತಿಥಿ ರೇಡಿಯೋಗೆ ಕೇಳಿಸದೆ ಹೋಗುವುದು ಮೊದಲು ಇಂಥ ಸಂಕೇತವೇ. ಅಂಕ ಕೊಡುವವರು ಗೋಪುರದ ಬುಡದಲ್ಲಿ ನಿಂತು ಪರೀಕ್ಷಿಸಿದರೆ ಸಾಲದು; ಪ್ರಸಾರದ ಕಟ್ಟಕಡೆಯ ಕೇಳುಗನ ಜಗಲಿಯಲ್ಲಿ ನಿಂತು ಪರೀಕ್ಷಿಸಬೇಕು.